ಹಳೆಯ ವರ್ತಮಾನಪತ್ರಗಳಲ್ಲಿ ನಮ್ಮ ಓಣಿ

ಇತಿಹಾಸವೆಂದ ಕೂಡಲೆ ನಮ್ಮ ಕಣ್ಣೆದುರಿಗೆ ಬರುವದು ಕಲಬುರಗಿಯ ಕೋಟೆ, ಬಹಮನಿ ಸುಲ್ತಾನರು, ಕಲ್ಯಾಣದ ಚಾಲುಕ್ಯರು. ಇವರ ಇಸವಿಗಳನ್ನೆಲ್ಲ ಪರೀಕ್ಷೆಯ ಸಲುವಾಗಿ ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ನಾವು ಹುಟ್ಟಿ ಬೆಳೆದ ಓಣಿಯಲ್ಲಿ ನಮ್ಮ ಅಜ್ಜನ ಕಾಲಕ್ಕೆ ಯಾರು ಯಾರು ಇದ್ದರು, ಯಾರ ಮನೆಯ ಮಗ್ಗುಲಿಗೆ ಯಾರ ಮನೆ ಇತ್ತು ಎಂದು ಯಾರಾದರೂ ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುವದು. ಓಣಿಗೆ ಶಾಸನವಿಲ್ಲ, ಬಖೈರಿಲ್ಲ. ಹಾಗಾದರೆ ಅದಕ್ಕೆ ಚರಿತ್ರೆಯೇ ಇಲ್ಲವೆ? ಹಳೆಯ ವರ್ತಮಾನಪತ್ರಗಳ ಸಹಾಯದಿಂದ ಆಳಂದದ ನಮ್ಮ ಓಣಿಯ ಚರಿತ್ರೆಯನ್ನು ಹುಡುಕಲು ನಾನು ಮಾಡಿದ ಅಲ್ಪ ಪ್ರಯತ್ನವನ್ನೂ, ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಸಹಪಾಠಿಗಳ ಮತ್ತು ಗುರುಗಳ ಮುಂದಿಡುವದೇ ಈ ಲೇಖನದ ಉದ್ದೇಶ.

ಈ ಕೆಲಸ ಆರಂಭವಾದದ್ದು ಒಂದು ಕಬ್ಬಿಣದ ಟ್ರಂಕಿನಿಂದ. ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದೆವು. ಅದರ ತಳದಲ್ಲಿ ಬಟ್ಟೆಗೆ ತುಕ್ಕು ತಾಗದಿರಲೆಂದು ಹಾಸಿದ ಹಳೆಯ ಕಾಗದಗಳಿದ್ದವು. ಕೆಲವು ಉರ್ದು, ಕೆಲವು ಮರಾಠಿ, ಒಂದೆರಡು ಮಾತ್ರ ಕನ್ನಡ. ಬಹುಪಾಲು ಹಾಳೆಗಳ ಮೇಲ್ತುದಿ ಹರಿದು ಹೋಗಿ ಪತ್ರಿಕೆಯ ಹೆಸರೂ ತಾರೀಖೂ ಉಳಿದಿರಲಿಲ್ಲ. ಒಲೆಗೆ ಹಾಕಲು ಎತ್ತಿದ್ದ ಅವುಗಳನ್ನು ನಾನು ಇಸಿದುಕೊಂಡು ಜೋಪಾನ ಮಾಡಿದೆನು.

ಮೂರು ಭಾಷೆಯ ಕಾಗದಗಳು ಒಂದೇ ಟ್ರಂಕಿನಲ್ಲಿ ಏಕೆ ಎಂಬ ಪ್ರಶ್ನೆಯಲ್ಲಿಯೇ ನಮ್ಮ ನಾಡಿನ ಅರ್ಧ ಚರಿತ್ರೆ ಅಡಗಿದೆ. ಕನ್ನಡದಲ್ಲಿ ಪತ್ರಿಕೆ ಹುಟ್ಟಿದ್ದು ಬಹಳ ಹಿಂದೆ. ೧೮೪೩ರ ಜುಲೈ ೧ರಂದು ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಆಡಳಿತದ ಭಾಷೆ ಮೊದಲು ಫಾರಸಿ, ಅನಂತರ ಉರ್ದು. ಆಳಂದ, ಅಫಜಲಪುರದ ಕಡೆಗೆ ಪೈಗಾ ಜಾಗೀರಿಯ ಆಡಳಿತ. ಇಂಥ ತಾಲೂಕಿನ ಊರುಗಳಲ್ಲಿ ಪತ್ರಿಕೆ ಅಚ್ಚಾಗುವ ಮಾತು ದೂರ ಉಳಿಯಿತು. ಸುದ್ದಿ ಹೊರಗಿನಿಂದಲೇ ಬರಬೇಕು. ಹೈದರಾಬಾದಿನಿಂದ 'ರಹಬರೆ ದಕ್ಕನ್'ದಂಥ ಉರ್ದು ಪತ್ರಿಕೆಗಳು. ಅಲ್ಲಿಂದಲೇ ೧೯೨೦ರಿಂದ ಮರಾಠಿಯಲ್ಲಿ 'ನಿಜಾಮ ವಿಜಯ', ೧೯೨೬ರಿಂದ ತೆಲುಗಿನಲ್ಲಿ 'ಗೋಲಕೊಂಡ ಪತ್ರಿಕೆ'. ಬ್ರಿಟಿಶ್ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೊಲ್ಲಾಪುರದಿಂದ ಮರಾಠಿ ಪತ್ರಿಕೆಗಳು. ಕನ್ನಡವೆಂದರೆ ವಿಜಾಪುರ, ಹುಬ್ಬಳ್ಳಿಯ ಕಡೆಯವು. ೧೯೨೯ರಲ್ಲಿ ಬೆಳಗಾವಿಯಲ್ಲಿ ಆರಂಭವಾಗಿ ಮುಂದೆ ಹುಬ್ಬಳ್ಳಿಗೆ ಬಂದ 'ಸಂಯುಕ್ತ ಕರ್ನಾಟಕ' ಇವುಗಳಲ್ಲಿ ಪ್ರಸಿದ್ಧವಾದುದು. ೧೮೭೧ರಲ್ಲಿ ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ರಾಯಚೂರವರೆಗೆ ರೈಲು ಬಂದ ಬಳಿಕ ಈ ಕಾಗದಗಳು ರೈಲಿನಲ್ಲಿ ಬಂದು, ಮುಂದೆ ಬಂಡಿಯಲ್ಲಿ, ಮೋಟಾರಿನಲ್ಲಿ ಊರು ಸೇರುತ್ತಿದ್ದವು. ಅಂದರೆ ನಮ್ಮ ಓಣಿಯನ್ನು ಕುರಿತು ಬರೆದವರು ಓಣಿಯವರಲ್ಲ. ಮೂರು ದಿಕ್ಕಿನ ಮೂರು ಕಿಟಕಿಗಳಿಂದ ಇಣಿಕಿ ನೋಡಿದ ಪರಸ್ಥಳದವರು. ಈ ಮಾತನ್ನು ಅಭ್ಯಾಸಿಯು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಇನ್ನು ಈ ಹಾಳೆಗಳನ್ನು ಓದುವ ಕ್ರಮ. ನನಗೆ ಎದುರಾದ ಮೊದಲನೆಯ ತೊಡಕು ಊರ ಹೆಸರಿನದು. ಉರ್ದು ಲಿಪಿಯಲ್ಲಿ 'ಳ'ಕಾರಕ್ಕೆ ಅಕ್ಷರವಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವದೂ ಇಲ್ಲ. ಆದುದರಿಂದ ಆಳಂದವು 'ಅಲಂದ' ಎಂದೋ 'ಇಲಂದ' ಎಂದೋ ತೋರುವದು. ಮರಾಠಿಯಲ್ಲಿ ಗೊಂದಲ ಬೇರೆ ತರಹದ್ದು. ಪುಣೆಯ ಹತ್ತಿರದ ಆಳಂದಿ ಜ್ಞಾನೇಶ್ವರರ ಸಮಾಧಿಯ ಸ್ಥಳ. ಆಳಂದಿಯ ಯಾತ್ರೆಯ ಸುದ್ದಿಯನ್ನು ನಾನು ಒಂದು ದಿನವೆಲ್ಲ ನಮ್ಮೂರಿನದೆಂದು ತಿಳಿದು ಹಿಗ್ಗಿದ್ದೆನು! ಅಫಜಲಪುರದ ಮಾತೂ ಹಾಗೆಯೇ. ಅಫಜಲಖಾನನ ಸಂಬಂಧದಿಂದ ಪ್ರಸಿದ್ಧವಾದ ಇನ್ನೊಂದು ಅಫಜಲಪುರ ವಿಜಾಪುರದ ಮಗ್ಗುಲಿಗೇ ಇದೆ. ಜೇವರ್ಗಿಯನ್ನು ಹುಡುಕುವವರು ಆಂದೋಲಾ ಎಂಬ ಹೆಸರನ್ನೂ ಹುಡುಕಬೇಕು. ಏಕೆಂದರೆ ಇಂದು ಜೇವರ್ಗಿ ತಾಲೂಕಿನ ಒಂದು ಊರಾದ ಆಂದೋಲಾ, ಹಿಂದೆ ಆ ತಾಲೂಕಿಗೇ ಹೆಸರಾಗಿತ್ತು. ದೇವಲ ಗಾಣಗಾಪುರ ಬೇರೆ, ಗಾಣಗಾಪುರ ರೋಡ್ ರೈಲುನಿಲ್ದಾಣ ಬೇರೆ. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಅಂಟಿಸಿದರೆ ಅದು ಚರಿತ್ರೆಯಾಗದು, ಕಟ್ಟುಕತೆಯಾಗುವದು.

ಎರಡನೆಯದು ಬೆಲೆಯ ತೊಡಕು. ಸಂಸ್ಥಾನದಲ್ಲಿ ಹಾಲಿ ರೂಪಾಯಿ, ಬ್ರಿಟಿಶ್ ಸೀಮೆಯಲ್ಲಿ ಕಲದಾರ ರೂಪಾಯಿ ನಡೆಯುತ್ತಿದ್ದವು. ಸರಕಾರಿ ದರದಲ್ಲಿ ಏಳು ಹಾಲಿಗೆ ಆರು ಕಲದಾರ. ಸೊಲ್ಲಾಪುರದ ಪತ್ರಿಕೆ ಅರವತ್ತು ರೂಪಾಯಿ ಎಂದರೆ ನಮ್ಮ ಪೇಟೆಯಲ್ಲಿ ಅದು ಎಪ್ಪತ್ತು. ಧಾನ್ಯದ ಧಾರಣೆಯನ್ನೂ ಹಿಂದೆ ಬಹಳ ಕಡೆ 'ರೂಪಾಯಿಗೆ ಇಷ್ಟು ಸೇರು' ಎಂದು ಬರೆಯುತ್ತಿದ್ದರು. ಆಗ ಅಂಕಿ ಏರಿದರೆ ಬೆಲೆ ಇಳಿಯಿತೆಂದು ಅರ್ಥ. ಇದನ್ನು ಮರೆತರೆ ಸುಭಿಕ್ಷ ಕಾಲವನ್ನು ಬರಗಾಲವೆಂದೂ ಬರಗಾಲವನ್ನು ಸುಭಿಕ್ಷವೆಂದೂ ಬರೆದುಬಿಡುವೆವು. ಸೇರು ಕೂಡ ಊರಿಂದೂರಿಗೆ ಬೇರೆ; ಅಳತೆಯ ಸೇರೊಂದು, ತೂಕದ ಸೇರೊಂದು.

ಮೂರನೆಯದು, ಎಲ್ಲಕ್ಕೂ ಮುಖ್ಯವಾದದ್ದು, ತಾರೀಖು. ತಾರೀಖು ಹರಿದುಹೋದ ಹಾಳೆಗೂ ಒಳಗಿನ ಗುರುತುಗಳಿಂದ ವಯಸ್ಸು ಕಟ್ಟಬಹುದು. ಪುಟದಲ್ಲಿ ಆಣೆ, ಪೈಗಳಿದ್ದರೆ ಅದು ಬಹುಶಃ ೧೯೫೭ರ ಏಪ್ರಿಲ್ ೧ಕ್ಕಿಂತ ಹಿಂದಿನದು. ಅಂದಿನಿಂದ ದಶಮಾಂಶ ನಾಣ್ಯ ಬಂದಿತು. 'ನಯಾಪೈಸೆ' ಎಂದಿದ್ದರೆ ೧೯೫೭ರಿಂದ ೧೯೬೪ರ ನಡುವಿನದು. 'ಮೈಸೂರು ರಾಜ್ಯದ ಗುಲಬರ್ಗಾ ಜಿಲ್ಲೆ' ಎಂದಿದ್ದರೆ ೧೯೫೬ರ ನವೆಂಬರ್ ೧ರ ಈಚಿನದು, ೧೯೭೩ರ ನವೆಂಬರ್ ೧ರ ಆಚಿನದು. ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಲನದ ಮಾತು ಬಂದರೆ ಅಧ್ಯಕ್ಷರ ಹೆಸರನ್ನು ನೋಡಬೇಕು. ಬಿ. ಎಂ. ಶ್ರೀಕಂಠಯ್ಯನವರಾದರೆ ೧೯೨೮, ಉತ್ತಂಗಿ ಚನ್ನಪ್ಪನವರಾದರೆ ೧೯೪೯, ಸಿದ್ಧಯ್ಯ ಪುರಾಣಿಕರಾದರೆ ೧೯೮೭, ಎಚ್. ಎಸ್. ವೆಂಕಟೇಶಮೂರ್ತಿಯವರಾದರೆ ೨೦೨೦. ಬ್ರಿಟಿಶ್ ಸೀಮೆಯ ಪತ್ರಿಕೆಯಾದರೆ ಕೊನೆಯ ಪುಟದ ಕೊನೆಯ ಸಾಲನ್ನು ನೋಡಲು ಮರೆಯಬಾರದು. ೧೮೬೭ರ ಕಾಯಿದೆಯ ಪ್ರಕಾರ ಮುದ್ರಕನ ಹೆಸರನ್ನೂ ಮುದ್ರಣದ ಸ್ಥಳವನ್ನೂ ಅಚ್ಚು ಹಾಕಲೇಬೇಕಿತ್ತು.

ಆದರೆ ತಾರೀಖು ಇದ್ದರೂ ಮೋಸಹೋಗಬಹುದೆಂಬುದಕ್ಕೆ ನಾನೇ ಸಾಕ್ಷಿ. ಟ್ರಂಕಿನ ಉರ್ದು ಹಾಳೆಯೊಂದರ ಹಿಂಬದಿಯಲ್ಲಿ ಒಂದು ಇಶ್ತಿಹಾರು, ಅಂದರೆ ಜಾಹೀರು ಪ್ರಕಟಣೆ ಇತ್ತು. ನಮ್ಮ ಓಣಿಯ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ಮನೆಯನ್ನು ಮಾರುತ್ತಿದ್ದಾರೆ, ಯಾರದಾದರೂ ಹಕ್ಕು ತಕರಾರು ಇದ್ದಲ್ಲಿ ತಿಳಿಸತಕ್ಕದ್ದು ಎಂಬುದು ಅದರ ಸಾರಾಂಶ. ಕೆಳಗೆ 'ಮೆಹರ್, ೧೩೫೮ ಫಸಲಿ' ಎಂದಿತ್ತು. ಫಸಲಿಗೆ ೫೯೦ ಕೂಡಿಸಿದರೆ ಇಸವಿ ಬರುವದೆಂದು ಎಲ್ಲಿಯೋ ಓದಿದ್ದೆನು. ಕೂಡಿಸಿದೆನು, ೧೯೪೮ ಬಂದಿತು. ಮೆಹರ್ ಎಂದರೆ ಆಗಸ್ಟ್ ತಿಂಗಳು. ೧೯೪೮ರ ಆಗಸ್ಟ್! ರಜಾಕಾರರ ಹಾವಳಿ ತುಂಬಿದ್ದ ಕಾಲ. ಆ ತಿಂಗಳ ೨೨ರಂದೇ ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರ ವಿರುದ್ಧ ಬರೆದುದಕ್ಕಾಗಿ ಕೊಲೆಯಾದರು. ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿದ್ದು ಮುಂದಿನ ತಿಂಗಳು, ಸೆಪ್ಟೆಂಬರ್ ೧೩ಕ್ಕೆ. ನನ್ನ ಕಲ್ಪನೆಗೆ ರೆಕ್ಕೆ ಮೂಡಿದವು. ಆ ಕುಟುಂಬವು ನೆರೆಯವರಿಗೆ ಅಂಜಿ ರಾತ್ರೋರಾತ್ರಿ ಮನೆ ಮಾರಿ ಸೊಲ್ಲಾಪುರದ ಕಡೆಗೆ ಓಡಿಹೋಯಿತೆಂದು ನಾನೊಂದು ಪ್ರಬಂಧವನ್ನೇ ಬರೆದು ಕಾಲೇಜಿನ ಇತಿಹಾಸದ ಸಭೆಯಲ್ಲಿ ಓದಿದೆನು. ಚಪ್ಪಾಳೆಯೂ ಬಿದ್ದವು.

ಅದೇ ಪ್ರಬಂಧವನ್ನು ನಮ್ಮ ಓಣಿಯ ಹಿರಿಯರೊಬ್ಬರ ಮುಂದೆ ಓದಿದೆನು. ಎಂಬತ್ತೆಂಟು ದಾಟಿದ ನಿವೃತ್ತ ಶಿಕ್ಷಕರು. ಉರ್ದು ಮಾಧ್ಯಮದಲ್ಲಿ ಕಲಿತವರು. ಪೂರ್ತಿ ಕೇಳಿಸಿಕೊಂಡು ಅವರು ನಕ್ಕರು. "ತಮ್ಮಾ, ನೀ ಓದಿದ್ದು ಖರೆ, ಲೆಕ್ಕ ಹಾಕಿದ್ದು ತಪ್ಪು" ಎಂದರು.

ಅವರು ತಿಳಿಸಿಕೊಟ್ಟ ಲೆಕ್ಕ ಇದು. ಹೈದರಾಬಾದಿನ ಫಸಲಿ ವರ್ಷವು ಆಜೂರ್ ತಿಂಗಳಿನಿಂದ, ಅಂದರೆ ಅಕ್ಟೋಬರಿನ ಆರಂಭದ ಸುಮಾರಿಗೆ ಹುಟ್ಟುವದು. ಆಜೂರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದೀ, ಅರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್ ಎಂದು ಹನ್ನೆರಡು ತಿಂಗಳು. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ೫೯೦ ಕೂಡಿಸಬೇಕು. ಜನವರಿ ಬಂದೊಡನೆ ಇಂಗ್ಲಿಷ್ ಇಸವಿ ಬದಲಾಗುವದರಿಂದ ಅಲ್ಲಿಂದ ವರ್ಷದ ಕೊನೆಯವರೆಗೆ ೫೯೧ ಕೂಡಿಸಬೇಕು. ಮೆಹರ್ ಹನ್ನೊಂದನೆಯ ತಿಂಗಳು. ೧೩೫೮ಕ್ಕೆ ೫೯೧ ಕೂಡಿಸಿದರೆ ೧೯೪೯. ಇದಕ್ಕೆ ಪ್ರಮಾಣವೂ ಉಂಟು. ಜಾಗೀರುಗಳನ್ನು ರದ್ದುಗೊಳಿಸಿದ ಹೈದರಾಬಾದಿನ ಕಾನೂನಿನ ಹೆಸರಿನಲ್ಲಿ ೧೩೫೮ ಫಸಲಿ ಎಂದೇ ಇದೆ. ಅದು ಜಾರಿಗೆ ಬಂದದ್ದು ೧೯೪೯ರ ಆಗಸ್ಟ್ ೧೫ಕ್ಕೆ. ಬೇರೆ ಪ್ರಾಂತಗಳ ಫಸಲಿಯನ್ನು ಇದರೊಡನೆ ಬೆರೆಸಬಾರದು. ಮದ್ರಾಸಿನ ಫಸಲಿ ಜುಲೈ ೧ಕ್ಕೆ ಆರಂಭವಾಗುತ್ತಿತ್ತು.

ಒಂದೇ ಅಂಕಿಯ ವ್ಯತ್ಯಾಸ! ಆದರೆ ಆ ಒಂದು ವರ್ಷದಲ್ಲಿ ನಮ್ಮ ನಾಡು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಬಂದಿತ್ತು. ನಿಜಾಮಶಾಹಿ ಹೋಗಿತ್ತು, ಜಾಗೀರಿ ಹೋಗಿತ್ತು. ಆ ವ್ಯಾಪಾರಿ ಮನೆ ಮಾರಿದ್ದು ಅಂಜಿಕೆಯಿಂದಲ್ಲ. ಹೊಸ ಕಾಲದಲ್ಲಿ ಸೊಲ್ಲಾಪುರದಲ್ಲಿ ಅಡತಿ ಅಂಗಡಿ ಹಾಕಲು ಬಂಡವಾಳ ಬೇಕಾಗಿತ್ತು, ಅಷ್ಟೇ. "ಉರುಸಿಗೆ ವರ್ಷಾ ಬರ್ತಿದ್ರು, ಅತ್ತರದವರ ಮನ್ಯಾಗೇ ಇಳೀತಿದ್ರು. ನಾನೇ ಕಣ್ಣಾರೆ ನೋಡೀನಿ" ಎಂದರು ಹಿರಿಯರು. ಅತ್ತರದವರೆಂದರೆ ಮಾರಿದ ಮನೆಯ ಉತ್ತರದ ಗೋಡೆಗೆ ಗೋಡೆ ಹಚ್ಚಿದ ಮನೆಯವರು, ಮುಸಲ್ಮಾನರು. ನನ್ನ ಪ್ರಬಂಧದಲ್ಲಿ ನಾನು ಯಾರಿಗೆ ಅಂಜಿ ಓಡಿಹೋದರೆಂದು ಬರೆದಿದ್ದೆನೋ ಅವರ ಮನೆಯಲ್ಲಿಯೇ ಆ ಕುಟುಂಬ ವರ್ಷ ವರ್ಷ ಉಂಡು ಮಲಗುತ್ತಿತ್ತು! ರಜಾಕಾರರ ಕಾಲದ ಕಷ್ಟ ಸುಳ್ಳಲ್ಲ. ನಮ್ಮ ಜಿಲ್ಲೆಗಳಲ್ಲಿ ಅನೇಕರು ಮನೆಮಾರು ಬಿಟ್ಟದ್ದೂ, ಸೈನ್ಯ ಬಂದ ಮೇಲೆ ನಿರಪರಾಧಿ ಮುಸಲ್ಮಾನರು ಸಂಕಟಪಟ್ಟದ್ದೂ ನಿಜ. ಆದರೆ ನಿಜವಾದ ಕಷ್ಟವನ್ನು ಅದಕ್ಕೆ ಸಂಬಂಧವಿಲ್ಲದ ಮನೆಯ ಬಾಗಿಲಿಗೆ ಕಟ್ಟಲು ನನಗೆ ಯಾವ ಅಧಿಕಾರವಿತ್ತು? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮುಂದಿನ ಸಭೆಯಲ್ಲಿ ಎದ್ದುನಿಂತು ತಪ್ಪನ್ನು ಒಪ್ಪಿಕೊಂಡೆನು.

ಲೆಕ್ಕ ತಪ್ಪಿದ್ದು ಸಣ್ಣ ಮಾತು. ಲೆಕ್ಕ ತಪ್ಪಿದಾಗ ನನಗೆ ಸಂಶಯವೇಕೆ ಬರಲಿಲ್ಲ ಎಂಬುದೇ ನಾನು ವಿಚಾರಿಸಿದ ಸಂಗತಿ. ಅದಕ್ಕೆ ಕಾರಣ ವರ್ತಮಾನಪತ್ರಗಳ ಸ್ವಭಾವದಲ್ಲಿದೆ. ದೂರದ ಊರಿನ ಪತ್ರಿಕೆ ನಮ್ಮ ಓಣಿಗೆ ಬರುವದು ಯಾವಾಗ? ಕಾಲರಾ ಬಿದ್ದಾಗ, ದರೋಡೆಯಾದಾಗ, ಬಡಿದಾಟವಾದಾಗ. ಉಳಿದ ದಿನಗಳಲ್ಲಿ ಗಾಣ ತಿರುಗಿತು, ಮಗ್ಗ ಆಡಿತು, ಮಕ್ಕಳು ಶಾಲೆಗೆ ಹೋದರು ಎಂದು ಯಾವ ವರದಿಗಾರನೂ ಬರೆಯುವದಿಲ್ಲ. ಆದಕಾರಣ ಸುದ್ದಿಯ ಪುಟವನ್ನಷ್ಟೇ ಓದಿದವನಿಗೆ ಓಣಿಯೆಂಬುದು ಬರಿಯ ಜಗಳದ ಓಣಿಯಾಗಿ ಕಾಣುವದು. ಅಂಥ ಹಲವು ಸುದ್ದಿಗಳನ್ನು ಓದಿ ನನ್ನ ಮನಸ್ಸು ಮೊದಲೇ ಸಿದ್ಧವಾಗಿತ್ತು. ೧೯೪೮ ಎಂಬ ಅಂಕಿ ಸಿಕ್ಕ ಕೂಡಲೆ ಕತೆ ತಾನೇ ಹೆಣೆದುಕೊಂಡಿತು.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಆಳಂದದಲ್ಲಿ ಹಜರತ್ ಲಾಡ್ಲೆ ಮಶಾಯಕರ ದರ್ಗಾ ಇರುವದು. ಅದೇ ಸ್ಥಳದಲ್ಲಿ ರಾಘವಚೈತನ್ಯರ ನೆನಪೂ ಉಂಟು. ೨೦೨೨ರ ಶಿವರಾತ್ರಿಯ ಸಮಯದಲ್ಲಿ ನಮ್ಮೂರ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದಿತು. ಬಂದದ್ದು ಕಲ್ಲುತೂರಾಟದ, ನಿಷೇಧಾಜ್ಞೆಯ ಊರಾಗಿ. ನೂರು ವರ್ಷಗಳ ತರುವಾಯ ನಮ್ಮಂಥ ವಿದ್ಯಾರ್ಥಿಯೊಬ್ಬನು ಆ ಪತ್ರಿಕೆಗಳನ್ನು ತೆರೆದರೆ ಅವನಿಗೆ ನಮ್ಮ ವಿಷಯವಾಗಿ ಏನು ತಿಳಿದೀತು? ಆ ದಿನದ ಸುದ್ದಿ ಸುಳ್ಳಲ್ಲ. ಅದರ ಹಿಂದಿನ ಮುಂದಿನ ದಿನಗಳ ಬಾಳುವೆ ಅದರಲ್ಲಿಲ್ಲ, ಅಷ್ಟೇ.

ಪತ್ರಿಕೆಯ ಗದ್ದಲದಂತೆ ಅದರ ಮೌನಕ್ಕೂ ಕಾರಣ ಹುಡುಕಬೇಕು. ೧೯೩೦ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಸೈನ್ಯದ ಆಡಳಿತ ಜಾರಿಯಾಯಿತು. ಸಂಸ್ಥಾನದೊಳಗೆ ಹೊರಗಿನ ಕೆಲವು ಪತ್ರಿಕೆಗಳ ಪ್ರವೇಶಕ್ಕೆ ಆಗಾಗ ನಿಷೇಧವಿತ್ತು. ಇಂಥ ದಿನಗಳಲ್ಲಿ ಪತ್ರಿಕೆ ಸುಮ್ಮನಿದ್ದರೆ ಊರೂ ಸುಮ್ಮನಿತ್ತೆಂದು ತಿಳಿಯಲಾಗದು. ಹೊಲೆ ಮಾದಿಗರ ಕೇರಿಗಳ ಮಾತಂತೂ ಬೇರೆ. ನನ್ನ ಟ್ರಂಕಿನ ಯಾವ ಹಾಳೆಯಲ್ಲಿಯೂ, ಯಾವ ಭಾಷೆಯಲ್ಲಿಯೂ ಅವರ ಮಾತು ಒಂದು ಸಾಲೂ ಇಲ್ಲ.

ಹಾಗಾದರೆ ವರ್ತಮಾನಪತ್ರ ನಿರುಪಯೋಗಿಯೆ? ಇಲ್ಲ. ಮುಂದಿನ ಪುಟ ಹೇಳದಿರುವದನ್ನು ಹಿಂದಿನ ಪುಟ ಹೇಳುವದು. ಅದೇ ಇಶ್ತಿಹಾರನ್ನು ಹಿರಿಯರ ಸಹಾಯದಿಂದ ನಾನು ಮತ್ತೊಮ್ಮೆ ಓದಿದೆನು. ಮೊದಲ ಸಲ ನಾನು ಅಲಕ್ಷ್ಯ ಮಾಡಿದ್ದ ನಾಲ್ಕು ಸಾಲುಗಳು ಅದರಲ್ಲಿದ್ದವು. ಮನೆಯ ಚಕ್ಕುಬಂದಿ: ಪೂರ್ವಕ್ಕೆ ಸರಕಾರಿ ರಸ್ತೆ, ಪಶ್ಚಿಮಕ್ಕೆ ಗಾಣಿಗರ ಮನೆ, ಉತ್ತರಕ್ಕೆ ಅತ್ತರು ಮಾರುವವರ ಮನೆ, ದಕ್ಷಿಣಕ್ಕೆ ನೇಕಾರರ ಖುಲ್ಲಾ ಜಾಗೆ. ಯಾವ ಉದ್ದೇಶವೂ ಇಲ್ಲದೆ, ಯಾರನ್ನೂ ಹೊಗಳದೆ ತೆಗಳದೆ, ಬರಿಯ ಕಾನೂನಿನ ಸಲುವಾಗಿ ಬರೆದ ಈ ನಾಲ್ಕು ಸಾಲುಗಳು ನಮ್ಮ ಓಣಿಯ ನಕ್ಷೆಯ ಒಂದು ತುಂಡು! ಅನಂತರ ನಮ್ಮ ಮನೆಯ ಖರೀದಿಪತ್ರವನ್ನೂ ನೆರೆಯ ಎರಡು ಮನೆಗಳ ಕಾಗದಗಳನ್ನೂ ಕೇಳಿ ತಂದು ಅವುಗಳ ಚಕ್ಕುಬಂದಿಗಳನ್ನು ಇದಕ್ಕೆ ಜೋಡಿಸಿದೆನು. ಒಂದರ ಪಶ್ಚಿಮ ಇನ್ನೊಂದರ ಪೂರ್ವಕ್ಕೆ ಹೊಂದಿತು. ಹೀಗೆ ಹನ್ನೊಂದು ಮನೆಗಳ ಸಾಲೊಂದು ಕಾಗದದ ಮೇಲೆ ಮೂಡಿದೆ. ಯಾರ ಗೋಡೆಗೆ ಯಾರ ಗೋಡೆ ಹತ್ತಿತ್ತು, ಯಾರ ಮಳೆನೀರು ಯಾರ ಅಂಗಳದ ಮೇಲೆ ಹರಿಯುತ್ತಿತ್ತು ಎಂಬುದು ಅದರಿಂದ ತಿಳಿಯುವದು. ಜಾತಿಗೊಂದು ಧರ್ಮಕ್ಕೊಂದು ಓಣಿ ಹಿಂದಿನಿಂದಲೇ ಇತ್ತೆಂದು ನಾವು ಕೇಳುತ್ತೇವೆ. ನಮ್ಮೀ ಸಾಲಿನಲ್ಲಿ ಹಾಗಿರಲಿಲ್ಲವೆಂದು ಈ ನಕ್ಷೆ ಹೇಳುತ್ತಿದೆ. ಕೇರಿಗಳು ಮಾತ್ರ ಅದರ ಅಂಚಿನ ಆಚೆಗೇ ಉಳಿದಿವೆ. ಅದನ್ನೂ ಆ ನಕ್ಷೆಯೇ ಹೇಳುತ್ತಿದೆ.

ಈ ಕೆಲಸಕ್ಕೆ ಕೈಹಾಕುವ ಸಹಪಾಠಿಗಳಿಗೆ ಕೆಲವು ಸೂಚನೆಗಳು. ವರ್ತಮಾನಪತ್ರದ ಕಾಗದ ಕಟ್ಟಿಗೆಯ ತಿರುಳಿನದು. ಬೆಳಕು ಗಾಳಿ ತಾಗಿದಂತೆ ಹಳದಿಯಾಗಿ, ಆಮ್ಲ ಬೆಳೆದು ಹಪ್ಪಳದಂತೆ ಮುರಿಯುವದು. ಬಿಸಿಲಿಗೆ ಹಿಡಿಯಬಾರದು, ಅಂಟುಪಟ್ಟಿ ಹಚ್ಚಬಾರದು, ಹಳೆಯ ಮಡಿಕೆಯನ್ನು ಬಲವಂತದಿಂದ ಬಿಡಿಸಬಾರದು. ಮೊದಲು ಮೊಬೈಲಿನಿಂದ ಎರಡೂ ಬದಿಯ ಚಿತ್ರ ತೆಗೆಯಬೇಕು. ಬೇಕಾದ ಸುದ್ದಿಯನ್ನಷ್ಟೇ ಕತ್ತರಿಸಿ ತೆಗೆದರೆ ಹಿಂಬದಿಯ ಚಕ್ಕುಬಂದಿ ಹಾಳಾಗುವದು. ಉರ್ದು ಬರದಿದ್ದರೆ ಓಣಿಯ ಹಿರಿಯರಲ್ಲಿ ಓದಬಲ್ಲವರನ್ನು ಹುಡುಕಬೇಕು. ಅವರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ಹೆಚ್ಚಿನ ಶೋಧಕ್ಕೆ ಹೈದರಾಬಾದಿನ ಅಫಜಲಗಂಜಿನಲ್ಲಿ ಹಿಂದೆ ಆಸಫಿಯಾ ಎಂದು ಹೆಸರಾಗಿದ್ದ ಗ್ರಂಥಾಲಯವೂ, ತಾರ್ನಾಕಾದ ದಫ್ತರಖಾನೆಯೂ ಇರುವವು. ಪತ್ರಿಕೆಯ ಮಾತನ್ನು ಓಣಿಯ ನೆನಪಿಗೂ, ಓಣಿಯ ನೆನಪನ್ನು ಕಾಗದಪತ್ರಗಳಿಗೂ ಒರೆಹಚ್ಚದೆ ಒಂದಕ್ಷರವನ್ನೂ ಸಭೆಯಲ್ಲಿ ಓದಬಾರದು. ಈ ಕೊನೆಯದು ಪೆಟ್ಟು ತಿಂದು ಕಲಿತ ಪಾಠ.

ಅಫಜಲಪುರ, ಜೇವರ್ಗಿಯ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಮಿತ್ರರು ಅನೇಕರಿದ್ದಾರೆ. ಈ ರಜೆಯಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಒಂದು ಟ್ರಂಕನ್ನು ತೆರೆದು, ಒಂದೊಂದು ಚಕ್ಕುಬಂದಿಯನ್ನು ನಕಲು ಮಾಡಿ ತಂದರೆ ಇತಿಹಾಸ ವಿಭಾಗದಲ್ಲಿ ಅವುಗಳನ್ನೆಲ್ಲ ಒಂದು ಕಡೆ ಸೇರಿಸಿ ಇಡಬಹುದು. ನಮ್ಮ ಗುರುಗಳು ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ನನ್ನ ಹನ್ನೊಂದು ಮನೆಗಳ ನಕ್ಷೆಯನ್ನು ಈಗಾಗಲೇ ಅಲ್ಲಿಟ್ಟಿದ್ದೇನೆ. ಅದರಲ್ಲಿ ತಪ್ಪು ಕಂಡವರು ದಯವಿಟ್ಟು ತಿದ್ದಬೇಕೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.